ಇಳಿಸಲಾಗದ ಮಟ್ಟ

ಫೆಬ್ರವರಿ 21, ಮಂಗಳವಾರ
ಯಂತ್ರ ನಿಲ್ಲದೆ ನಡೆದದ್ದು: 1,458 ದಿನ

ಡಾಕ್ಟರರ ಅಪ್ಪಣೆಯ ಮೇರೆಗೆ ಈ ಪುಸ್ತಕ ಶುರು. ರಕ್ತದೊತ್ತಡ ನೂರೆಪ್ಪತ್ತು ದಾಟಿದೆಯಂತೆ. "ಸಿಟ್ಟು ಬಂದಾಗ ಎದುರಿಗಿರೋರ ಮೇಲೆ ಎಗರಾಡಬೇಡಿ, ಒಂದು ಕಡೆ ಬರೆದಿಡಿ" ಎಂದರು. ಹಾಗಾದರೆ ಒಂದು ಪುಸ್ತಕ ಸಾಲದು. ನಮ್ಮ ಕಚೇರಿಯಲ್ಲಿ ಹನ್ನೊಂದು ಜನರಿದ್ದಾರೆ.

ಇವತ್ತಿನ ಸಿಟ್ಟು ರಾಜಧಾನಿ ಸೋಫಿಯಾದಿಂದ ಬಂದ ಸುತ್ತೋಲೆಯ ಮೇಲೆ. ಪಕ್ಕದ ಜಿಲ್ಲೆಯ ಸರ್ವರ್‌ಗೆ ಯಾರೋ ಹೊರಗಿನಿಂದ ನುಗ್ಗಿ ಕಡತಗಳನ್ನೆಲ್ಲ ಕಲಸಿಹಾಕಿದ್ದಾರೆ. ಆದ್ದರಿಂದ ಎಲ್ಲ ನದಿಮಟ್ಟ ಕಚೇರಿಗಳೂ ತಮ್ಮ ಸರ್ವರ್‌ನ ಒಳತಿರುಳಾದ ಕರ್ನಲ್‌ಗೆ ಯಾವ ಭದ್ರತಾ ಮಟ್ಟ ಬೇಕೆಂದು ಆರಿಸಿ, ಕಾರಣ ಸಮೇತ ನಮೂನೆ ತುಂಬಿ ಕಳಿಸಬೇಕಂತೆ. ಐದು ಚೌಕಗಳಿವೆ: ಮೈನಸ್ ಒಂದು, ಸೊನ್ನೆ, ಒಂದು, ಎರಡು, ಮೂರು. ಹತ್ತು ವರ್ಷದಿಂದ ನಾನು ಇದನ್ನೇ ಬಾಯಿ ಬಡಿದುಕೊಂಡು ಹೇಳುತ್ತಿದ್ದೆ, ಒಬ್ಬರೂ ಸೊಪ್ಪು ಹಾಕಲಿಲ್ಲ. ಈಗ ಮೇಲಿನಿಂದ ಕಾಗದ ಬಂದ ಕೂಡಲೇ ಎಲ್ಲರಿಗೂ ಜ್ಞಾನೋದಯವಾಗಿದೆ.

ನಮ್ಮದು ಯುನಿಕ್ಸ್ ಜಾತಿಯ ಯಂತ್ರ. ನದಿಯ ಒಂಬತ್ತು ಕಡೆಯಿಂದ ನೀರಿನ ಅಳತೆ ತಾನೇ ತರಿಸಿಕೊಳ್ಳುತ್ತದೆ, ಗುರುತು ದಾಟಿದರೆ ಆಯಾ ಹಳ್ಳಿಯ ಮೇಯರ್‌ಗೆ ತಾನೇ ಎಚ್ಚರಿಕೆ ಕಳಿಸುತ್ತದೆ. ನಾಲ್ಕು ವರ್ಷದಿಂದ ಅದನ್ನು ಒಂದು ಸಲವೂ ನಿಲ್ಲಿಸಿಲ್ಲ. ಏಪ್ರಿಲ್ 4ಕ್ಕೆ ಸಾವಿರದ ಐನೂರು ದಿನ. ವಿದಿನ್ ಊರಿನ ಕಚೇರಿಯಲ್ಲಿ ಇದೇ ಕೆಲಸ ಮಾಡುವ ಅಸ್ಪಾರುಖ್‌ನ ಯಂತ್ರ 1,312ನೇ ದಿನಕ್ಕೆ ಬಿದ್ದುಕೊಂಡಿತು. ಅವತ್ತಿನಿಂದ ಅವನು ನನಗೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದಾನೆ.

ಫೆಬ್ರವರಿ 24, ಶುಕ್ರವಾರ
ನಿಲ್ಲದೆ ನಡೆದದ್ದು: 1,461

ಮಟ್ಟ ಆರಿಸಲು ಸಭೆ. ನಿರ್ದೇಶಕ ಪೇಚಿನೊವ್ ನಮೂನೆಯನ್ನು ಕೈಯಲ್ಲಿ ಹಿಡಿದು, ಹೋಟೆಲಿನಲ್ಲಿ ತಿಂಡಿಪಟ್ಟಿ ನೋಡುವವನ ಹಾಗೆ ಮೇಲಿಂದ ಕೆಳಗೆ ಕಣ್ಣಾಡಿಸಿದ.

"ಮೈನಸ್ ಒಂದು ಅಂದ್ರೆ ಏನ್ರೀ ಸ್ವಿಲೆನ್? ನಮ್ಮ ಕಚೇರಿ ಏನು ನೆಲಮಾಳಿಗೇಲಿದೆಯಾ?"

"ಭದ್ರತೆಯೇ ಬೇಡ ಅಂತ ಅರ್ಥ, ಸಾರ್."

"ಮತ್ತೆ ಮೂರು ಹಾಕಿಬಿಡಿ. ಮೂರು ಇರುವಾಗ ಕಡಿಮೆ ಯಾಕೆ? ಸೋಫಿಯಾದೋರು ನೋಡಿದ್ರೆ ಚೆನ್ನಾಗಿರುತ್ತೆ."

ಹಲ್ಲು ಕಚ್ಚಿಕೊಂಡು ವಿವರಿಸಿದೆ. ಒಂದಕ್ಕೇರಿಸಿದರೆ ಮುದ್ರೆ ಹೊಡೆದ ಕಡತವನ್ನು ಯಂತ್ರದ ಯಜಮಾನನಾದ ನಾನೂ ತಿದ್ದಲಾರೆ. ಯಾರು ಯಾವ ಆಜ್ಞೆ ಕೊಟ್ಟರೆಂದು ಬರೆದುಕೊಳ್ಳುವ ಲಾಗ್ ಇದೆಯಲ್ಲ, ಅದಕ್ಕೆ ಸಾಲು ಸೇರಿಸಬಹುದು, ಅಳಿಸುವ ಹಾಗಿಲ್ಲ. ಎರಡರಲ್ಲಿ ಗಡಿಯಾರವನ್ನು ಹಿಂದೆ ತಿರುಗಿಸುವ ಹಾಗೂ ಇಲ್ಲ. ಮೂರಕ್ಕೆ ಹೋದರೆ ಹೊರಗಿನವರನ್ನು ತಡೆಯುವ ನಿಯಮಗಳೂ ಹೆಪ್ಪುಗಟ್ಟುತ್ತವೆ, ನಾಳೆ ಯಾರನ್ನಾದರೂ ತಡೆಯಬೇಕೆಂದರೂ ಆಗುವುದಿಲ್ಲ. ನಮಗೆ ಎರಡು ಸರಿ. ಪೇಚಿನೊವ್‌ಗೆ ತಲೆಬುಡ ತಿಳಿಯಲಿಲ್ಲ. ಆದರೆ 'ಹೆಪ್ಪು' ಎಂಬ ಮಾತಿಗೆ ಹೆದರಿ ಎರಡಕ್ಕೆ ಒಪ್ಪಿದ.

ಆಗ ಮೂಲೆಯಿಂದ ಮಿನ್ಕೋವಾ ಬಾಯಿ ಹಾಕಿದಳು. "ಮೇಲೆ ಏರಿಸಿದ್ದನ್ನ ಕೆಳಗೆ ಇಳಿಸಬೇಕಾದ್ರೆ?"

"ಇಳಿಸೋ ಹಾಗಿಲ್ಲ ಮೇಡಂ, ಅದೇ ಅದರ ಗುಣ. ಯಂತ್ರ ನಿಲ್ಲಿಸಿ, ಅದರ ಎದುರಿಗೇ ಕೂತು, ಮತ್ತೆ ಎಬ್ಬಿಸಬೇಕು."

"ಹಾಗಾದ್ರೆ ಬೀಗ ಹಾಕೋ ಮೊದಲು ಒಳಗೆ ಎಲ್ಲ ಸರಿಯಾಗಿದೆಯಾ ಅಂತ ನೋಡ್ಕೋಬೇಕು."

ಇದನ್ನು ಹೇಳಲು ಇವಳು ಬೇಕಿತ್ತು. ಬಿಸೆರಾ ಮಿನ್ಕೋವಾ, ವಯಸ್ಸು ಐವತ್ತೊಂಬತ್ತು. ಮೂವತ್ತೊಂದು ವರ್ಷ ನದಿ ದಡದಲ್ಲಿ ನಿಂತು ಅಳತೆಗೋಲು ಓದಿದವಳು. ತಾನೇ ಅಳೆಯುವ ಯಂತ್ರಗಳು ಬಂದ ಮೇಲೆ ಎಲ್ಲಿಗೆ ಹಾಕುವುದೆಂದು ತಿಳಿಯದೆ ಕಚೇರಿಯೊಳಗೆ ತಂದು ಕೂರಿಸಿ, ಮೇಯರ್‌ಗಳ ಫೋನ್ ಪಟ್ಟಿ ನೋಡಿಕೊಳ್ಳಲು ಕೊಟ್ಟಿದ್ದಾರೆ. ಯಾರಿಗೆ ಏನು ಬರೆದುಕೊಟ್ಟರೂ ಕಾರ್ಬನ್ ಹಾಳೆ ಇಟ್ಟೇ ಬರೆಯುತ್ತಾಳೆ. ಮೇಲಿನ ಹಾಳೆ ನಮಗೆ, ನೀಲಿ ನಕಲು ಅವಳಿಗೆ. ಈ ಶತಮಾನದಲ್ಲಿ ಕಾರ್ಬನ್ ಎಲ್ಲಿ ಸಿಗುತ್ತದೋ ದೇವರೇ ಬಲ್ಲ. ಕಚೇರಿಗೆಲ್ಲ ಅವಳು 'ಬಿಸೆರಕ್ಕ'. ನನಗೆ ಅಕ್ಕಂದಿರಿಲ್ಲ, ಬೇಕಾಗಿಯೂ ಇಲ್ಲ.

ಮಾರ್ಚ್ 1, ಬುಧವಾರ
ನಿಲ್ಲದೆ ನಡೆದದ್ದು: 1,466

ಮಟ್ಟ ಏರಿಸಿ ಆಯಿತು. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಒಂದು ಆಜ್ಞೆ, ಅಷ್ಟೇ. ಯಂತ್ರ ನಿಲ್ಲಲಿಲ್ಲ, ಕೆಮ್ಮಲೂ ಇಲ್ಲ. ಏರಿಸಲು ನಿಲ್ಲಿಸಬೇಕಾಗಿಲ್ಲ ಎಂಬುದೇ ಇದರ ಸೊಗಸು.

ಕೆಲಸ ಮಾಡಲು ಬಿಟ್ಟರೆ ತಾನೇ. ಇವತ್ತು ಮಾರ್ಚ್ ಒಂದು, ವಸಂತವನ್ನು ಬರಮಾಡಿಕೊಳ್ಳುವ ಹಬ್ಬ, ಕಚೇರಿಯ ಅರ್ಧ ಜನ ಇನ್ನರ್ಧ ಜನಕ್ಕೆ ಕೆಂಪು ಬಿಳಿ ದಾರ ಕಟ್ಟುತ್ತಾ ಓಡಾಡುತ್ತಿದ್ದರು. ನಾನು ಕಡತಗಳಿಗೆ ಮುದ್ರೆ ಹೊಡೆಯುತ್ತಿದ್ದಾಗ ಮಿನ್ಕೋವಾ ಬಂದು, ಕೇಳದೆಯೇ ನನ್ನ ಎಡಗೈ ಹಿಡಿದು ಮಾರ್ತೆನಿತ್ಸಾ ಕಟ್ಟಿಬಿಟ್ಟಳು.

"ಕೊಕ್ಕರೆ ಕಾಣೋ ತನಕ ಬಿಚ್ಚೋ ಹಾಗಿಲ್ಲ. ನಿನ್ನ ಯಂತ್ರಕ್ಕೆ ಹಾಕ್ತಿದೀಯಲ್ಲ, ಅದೂ ಹೀಗೇ ತಾನೆ?"

ಪೇಚಿನೊವ್‌ಗೆ ಒಂದು ಗಂಟೆ ಹೇಳಿದರೂ ಅರ್ಥವಾಗದ್ದು ಇವಳಿಗೆ ದಾರ ಕಟ್ಟುವಷ್ಟರಲ್ಲಿ ಅರ್ಥವಾಗಿದೆ. ಪೇಚಿನೊವ್ ಎಷ್ಟು ದಡ್ಡ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಜೊತೆಗೆ ಒಂದು ಚೀಟಿಯನ್ನೂ ಕೊಟ್ಟಳು. ಮಾಲ್ಕಾ ರಕೀತಾ ಹಳ್ಳಿಯ ಹಳೆಯ ಮೇಯರ್ ರಾಜೀನಾಮೆ ಕೊಟ್ಟು ವಾರ್ನಾದಲ್ಲಿರುವ ಮಗಳ ಮನೆಗೆ ಹೋಗಿದ್ದಾನಂತೆ, ಇದು ಹೊಸ ಮೇಯರಮ್ಮನ ನಂಬರು. "ಪಟ್ಟಿಗೆ ಮುದ್ರೆ ಹೊಡೆಯೋ ಮೊದಲು ಇದನ್ನ ಹಾಕು ಮಾರಾಯ, ಮರೀಬೇಡ." ಹೂಂ ಅಂದು ಕೋಟಿನ ಜೇಬಿಗೆ ಹಾಕಿಕೊಂಡೆ. ಒಂಬತ್ತು ನಂಬರುಗಳ ಪಟ್ಟಿಯನ್ನು ರಾಜ್ಯದ ಗುಟ್ಟು ಎಂಬಂತೆ ಕಾಯುತ್ತಾಳೆ.

ಮಾರ್ಚ್ 10, ಶುಕ್ರವಾರ
ನಿಲ್ಲದೆ ನಡೆದದ್ದು: 1,475

ಬೀಗದ ಕೈ ಹುಡುಕುವಾಗ ಕೋಟಿನ ಜೇಬಿನಲ್ಲಿ ಆ ಚೀಟಿ ಸಿಕ್ಕಿತು. ಥತ್.

ಪಟ್ಟಿಯ ಮುದ್ರೆ ತೆಗೆಯಲು ಒಮ್ಮೆ ನೋಡಿದೆ. 'ಅನುಮತಿ ಇಲ್ಲ' ಎಂದು ನನ್ನ ಮುಖಕ್ಕೇ ಹೇಳಿತು. ಹೇಳಲೇಬೇಕು, ನಾನೇ ಹೇಳಿಕೊಟ್ಟದ್ದು. ಇನ್ನೊಬ್ಬನ ಯಂತ್ರವಾಗಿದ್ದರೆ ಯಜಮಾನ ಅಂದ ಕೂಡಲೇ ಬಾಲ ಅಲ್ಲಾಡಿಸಿಬಿಡುತ್ತಿತ್ತು. ನನಗೆ ಹೆಮ್ಮೆಯೇ ಆಯಿತು.

ನಂಬರ್ ಬದಲಿಸಬೇಕಾದರೆ ಯಂತ್ರ ನಿಲ್ಲಿಸಬೇಕು. ನಾಲ್ಕು ನಿಮಿಷದ ಕೆಲಸ. ಆದರೆ ನಿಲ್ಲಿಸಿದರೆ 1,475 ಹೋಗಿ ಸೊನ್ನೆಯಾಗುತ್ತದೆ. ಒಂದು ಹಳ್ಳಿಯ ಒಂದು ನಂಬರಿಗಾಗಿ, ಇಪ್ಪತ್ತೈದು ದಿನ ಉಳಿದಿರುವಾಗ. ನೀರು ಏಪ್ರಿಲ್ ಹತ್ತಕ್ಕೆ ಮೊದಲು ಏರಿದ್ದು ನಾನು ನೋಡಿಲ್ಲ. ಏಪ್ರಿಲ್ 5ರ ಬೆಳಿಗ್ಗೆ ಮಾಡಿದರಾಯಿತು.

ಮಿನ್ಕೋವಾ ಮೆಟ್ಟಿಲ ಮೇಲೆ ಸಿಕ್ಕಿದಳು. "ರಕೀತಾ ನಂಬರ್ ಹಾಕಿದ್ಯಾ?"

ಹೂಂ ಅಂದೆ. ಇಪ್ಪತ್ತೈದು ದಿನ ಬಿಟ್ಟರೆ ಅದು ನಿಜವೇ ಆಗುತ್ತದೆ.

ಮಾರ್ಚ್ 16, ಗುರುವಾರ
ನಿಲ್ಲದೆ ನಡೆದದ್ದು: 1,481

ಮಿನ್ಕೋವಾ ಕಿಟಕಿಯಲ್ಲಿ ಮೂಗು ತೂರಿಸಿ ಭವಿಷ್ಯ ಹೇಳುತ್ತಿದ್ದಾಳೆ. ಬೆಟ್ಟದ ಮೇಲೆ ಹಿಮ ಜಾಸ್ತಿ ಇದೆ, ದಕ್ಷಿಣದ ಗಾಳಿ ಬೇಗ ಶುರುವಾಗಿದೆ, ಈ ಸಲ ನೀರು ತಿಂಗಳ ಕೊನೆಗೇ ಬರುತ್ತದಂತೆ. ಒಂಬತ್ತು ಯಂತ್ರಗಳು ಗಂಟೆಗೆ ನಾಲ್ಕು ಸಲ ಅಳೆದು ಕಳಿಸುವಾಗ ಇವಳ ಮೂಗು ಯಾರಿಗೆ ಬೇಕು?

ಅಸ್ಪಾರುಖ್ ಫೋನ್ ಮಾಡಿದ್ದ. ಸೋತವನ ದನಿ ಕೇಳಲು ಹಿತವಾಗಿರುತ್ತದೆ.

ಮಾರ್ಚ್ 22, ಬುಧವಾರ
1,487

ಕಚೇರಿಯ ಸೇಬಿನ ಗಿಡದಲ್ಲಿ ಮೊಗ್ಗು ಬಂದಿದೆ, ಕೊಕ್ಕರೆ ಕಾಣದಿದ್ದರೂ ಮೊಗ್ಗು ಕಂಡರೆ ಸಾಕಂತೆ. ಬಿಚ್ಚಲು ಹೋದರೆ ಈ ದಾರದ ಗಂಟು ಬಿಚ್ಚುವುದಿಲ್ಲ. ಹಲ್ಲಿನಿಂದಲೂ ಆಗಲಿಲ್ಲ. ಕತ್ತರಿಸಬಹುದಿತ್ತು, ಕತ್ತರಿಸಲಿಲ್ಲ. ಕತ್ತರಿ ಮಿನ್ಕೋವಾಳ ಮೇಜಿನ ಮೇಲಿದೆ, ಅವಳ ಭಾಷಣ ಯಾರು ಕೇಳುತ್ತಾರೆ.

ಮಾರ್ಚ್ 27, ಸೋಮವಾರ
ನಿಲ್ಲದೆ ನಡೆದದ್ದು: 1,492

ನೀರು ಬಂತು.

ಬೆಳಿಗ್ಗೆ ಆರು ಹತ್ತಕ್ಕೆ ಗುರುತು ದಾಟಿದೆ. ಯಂತ್ರ ಒಂಬತ್ತು ಎಚ್ಚರಿಕೆಗಳನ್ನೂ ಅದೇ ನಿಮಿಷದಲ್ಲಿ ಕಳಿಸಿದೆ. ಎಂಟು ಹಳ್ಳಿಗಳಲ್ಲಿ ಜನ ಎದ್ದು ದನಕರು ಹೊಡೆದುಕೊಂಡು ಮೇಲೆ ಹೋಗಿದ್ದಾರೆ. ಒಂಬತ್ತನೆಯದು ವಾರ್ನಾಕ್ಕೆ ಹೋಗಿದೆ. ಹಳೆಯ ಮೇಯರ್ ಮಗಳ ಮನೆಯಲ್ಲಿ ತಿಂಡಿ ತಿನ್ನುವಾಗ ಅದನ್ನು ನೋಡಿ, 'ಇವರಿಗಿನ್ನೂ ನನ್ನ ನೆನಪು' ಎಂದುಕೊಂಡು ಫೋನ್ ಮಗುಚಿಟ್ಟನಂತೆ.

ಮಾಲ್ಕಾ ರಕೀತಾದ ಕೆಳಗಿನ ಬೀದಿಗೆ ಏಳೂವರೆಗೆ ನೀರು ನುಗ್ಗಿದೆ. ನೈದೆನ್ ಎಂಬ ಮುದುಕ ಜೇನುಪೆಟ್ಟಿಗೆಗಳನ್ನು ಮೇಲೆತ್ತಲು ಹಿತ್ತಿಲಿಗೆ ಇಳಿದಿದ್ದಾನೆ. ಪೆಟ್ಟಿಗೆಗಳ ಸಾಲು ಅವನ ಮೇಲೇ ಉರುಳಿ, ಕಾಲು ಎರಡು ಕಡೆ ಮುರಿದಿದೆ. ಪಕ್ಕದ ಮನೆಯವರು ಎದೆಮಟ್ಟದ ನೀರಿನಿಂದ ಎಳೆದು ತೆಗೆದರಂತೆ.

ಅವನು ನೀರಿಗೆ ಇಳಿಯಬಾರದಿತ್ತು. ಎಪ್ಪತ್ತಮೂರು ವರ್ಷದವನಿಗೆ ಅಷ್ಟು ಬುದ್ಧಿ ಬೇಡವೇ.



ಮಾರ್ಚ್ 28, ಮಂಗಳವಾರ
ನಿಲ್ಲದೆ ನಡೆದದ್ದು: 1,493

ಪೇಚಿನೊವ್ ಎಲ್ಲರನ್ನೂ ಕರೆದ. ಜಿಲ್ಲೆಯಿಂದ ವಿಚಾರಣೆಗೆ ಸೋಮವಾರ ಮೂವರು ಬರುತ್ತಾರಂತೆ. ಅಷ್ಟರೊಳಗೆ ತಪ್ಪಿಗೊಂದು ಹೆಸರು ಬೇಕು. ಕೆಲಸದ ಹಂಚಿಕೆಯ ಹಾಳೆ ತೆಗೆದು ಬೆರಳಿಟ್ಟ.

"ಫೋನ್ ಪಟ್ಟಿ, ಬಿಸೆರಾ ಮಿನ್ಕೋವಾ. ಏನಮ್ಮಾ, ಮೇಯರ್ ಬದಲಾಗಿ ಒಂದು ತಿಂಗಳಾಯ್ತು. ನಿದ್ದೆ ಮಾಡ್ತಿದ್ರಾ?"

"ನಂಬರ್ ಬರೆದುಕೊಟ್ಟಿದ್ದೆ, ಸಾರ್. ಮಾರ್ಚ್ ಒಂದಕ್ಕೇ."

"ಯಾರಿಗೆ?"

ಮಿನ್ಕೋವಾ ನನ್ನ ಕಡೆ ನೋಡಿದಳು. ಹೆಸರು ಹೇಳಲಿಲ್ಲ, ಬರೀ ನೋಡಿದಳು. ಎಲ್ಲರೂ ನೋಡಿದರು.

"ಅವತ್ತು ಹತ್ತು ಜನ ಹತ್ತು ಚೀಟಿ ತಂದಿದ್ರು" ಎಂದೆ. "ನನಗೆ ನೆನಪಿಲ್ಲ."

ಹತ್ತು ಜನ ತಂದಿರಲಿಲ್ಲ.

"ನಕಲು ಇದೆಯಾ?" ಎಂದು ಪೇಚಿನೊವ್ ಅವಳನ್ನು ಕೇಳಿದ. ಆ ಪುಸ್ತಕ ತುಂಬಿಹೋಗಿದೆ, ಮನೆಯಲ್ಲೆಲ್ಲೋ ಇರಬೇಕು, ಹುಡುಕಬೇಕು ಎಂದಳು. "ಹುಡುಕಿ. ಸಿಗದಿದ್ರೆ ಸೋಮವಾರವೇ ನಿಮ್ಮ ಕೊನೇ ದಿನ" ಎಂದ. ಮೂವತ್ತೊಂದು ವರ್ಷ ನದಿ ದಡ ಕಾದವಳಿಗೆ, ಇಡೀ ಕಚೇರಿಯ ಎದುರಿಗೆ. ಆ ಮನುಷ್ಯನ ನಾಲಿಗೆಗೆ ಎಲುಬೂ ಇಲ್ಲ, ಮರ್ಯಾದೆಯೂ ಇಲ್ಲ.

ಅವನನ್ನು ಬೈಯುತ್ತಾ ಎರಡು ಪುಟ ಬರೆದೆ. ಆಮೇಲೆ ಓದಿ ಹರಿದುಹಾಕಿದೆ. ಅದರಲ್ಲಿ ನನ್ನ ಹೆಸರು ಒಂದು ಕಡೆಯೂ ಇರಲಿಲ್ಲ.

ಮಾರ್ಚ್ 30, ಗುರುವಾರ
1,495. ಆಮೇಲೆ ಸೊನ್ನೆ.

ಪೇಚಿನೊವ್ ಹೇಳಿದ, ಯಂತ್ರ ನಿಲ್ಲಿಸಿಯಾದರೂ ಸರಿ, ಇವತ್ತೇ ನಂಬರ್ ಸರಿಯಾಗಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಯಂತ್ರದ ಕೋಣೆಗೆ ಹೋಗಿ, ಅದರ ಎದುರು ಕೂತು ನಿಲ್ಲಿಸಿದೆ. 1,495 ಹೋಯಿತು. ಏನಾದರೂ ಅನಿಸುತ್ತದೆ ಎಂದು ಕಾದೆ. ಏನೂ ಅನಿಸಲಿಲ್ಲ.

ಒಬ್ಬನೇ ಬಳಸುವ ಸ್ಥಿತಿಯಲ್ಲಿ ಎಬ್ಬಿಸಿದರೆ ಯಂತ್ರಕ್ಕೆ ಯಾವ ಮಟ್ಟವೂ ಇಲ್ಲ. ಎಲ್ಲ ಮುದ್ರೆಗಳೂ ಬಿಚ್ಚುತ್ತವೆ. ಮೇಯರಮ್ಮನ ನಂಬರ್ ಹಾಕಿದೆ. ಎರಡು ನಿಮಿಷ.

ಆಮೇಲೆ ಲಾಗ್ ತೆರೆದೆ. ಅಲ್ಲೇ ಇತ್ತು. ಮಾರ್ಚ್ 10, ಹತ್ತು ನಲವತ್ತೆರಡು, ಬಳಕೆದಾರ ಸ್ವಿಲೆನ್, ಫೋನ್ ಪಟ್ಟಿಯ ಮುದ್ರೆ ತೆಗೆಯುವ ಆಜ್ಞೆ. ಚೀಟಿ ನನ್ನ ಕೈಗೆ ಬಂದಿತ್ತು, ನನಗೆ ಗೊತ್ತಿತ್ತು ಎಂಬುದಕ್ಕೆ ಈ ಲೋಕದಲ್ಲಿರುವ ಒಂದೇ ಸಾಕ್ಷಿ. ಎರಡನೇ ಮಟ್ಟದಲ್ಲಿ ಅದನ್ನು ಮುಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ. ಈಗ ನನ್ನಿಂದ ಆಗುತ್ತದೆ. ಸಾಲಿನ ಮೇಲೆ ಹೋಗಿ ನಿಂತೆ. ಒಂದು ಕೀಲಿ ಒತ್ತಿದರೆ ಮುಗಿಯಿತು.

ಲಾಗ್ ಅಳಿಸುವವರನ್ನು ಇಪ್ಪತ್ತು ವರ್ಷದಿಂದ ಕಳ್ಳ ಬಡ್ಡಿಮಕ್ಕಳೆಂದು ಬೈದುಕೊಂಡು ಬಂದಿದ್ದೇನೆ. ಅಂಥವನೊಬ್ಬ ನನ್ನ ಕುರ್ಚಿಯಲ್ಲೇ ಕೂತಿದ್ದ.

ಯಂತ್ರ ನಿಂತಿದ್ದರಿಂದ ಅಳತೆ ಬರುತ್ತಿರಲಿಲ್ಲ. ಬಾಗಿಲಾಚೆ ಬಿಸೆರಾ ಪ್ರತಿ ಹಳ್ಳಿಗೂ ಫೋನ್ ಮಾಡಿ ಕೇಳುತ್ತಿದ್ದಳು. "ಗೋಲಿನ ಮೇಲೆ ಎಷ್ಟಿದೆ? ಮುನ್ನೂರ ಹನ್ನೆರಡಾ? ಸರಿಯಾಗಿ ನೋಡಿ ಹೇಳಪ್ಪಾ, ನಾನು ಕಾಯ್ತೀನಿ." ಬರೆದುಕೊಳ್ಳುವ ಸದ್ದೂ ಕೇಳುತ್ತಿತ್ತು. ನಾಲ್ಕು ದಿನದಲ್ಲಿ ಕೆಲಸದಿಂದ ತೆಗೆಯುತ್ತಾರೆಂದು ಗೊತ್ತಿದ್ದೂ ಒಂದು ಹಳ್ಳಿಯನ್ನೂ ಬಿಡಲಿಲ್ಲ. ಇಪ್ಪತ್ತೈದು ನಿಮಿಷ ಹಾಗೇ ಕೂತಿದ್ದೆ.

ಅಳಿಸಲಿಲ್ಲ. ಧೈರ್ಯ ಗೀರ್ಯ ಏನಲ್ಲ. ಅಸಹ್ಯವಾಯಿತು, ಅಷ್ಟೇ. ಮತ್ತೆ ಎರಡಕ್ಕೇರಿಸಿ ಹೊರಗೆ ಬಂದೆ.

"ನಕಲು ಸಿಕ್ತಾ?" ಎಂದು ಕೇಳಿದೆ.

"ಹುಡುಕ್ತಿದೀನಿ" ಎಂದು ನನ್ನ ಮುಖ ನೋಡಿದಳು. "ಸೋಮವಾರದ ತನಕ ಸಮಯ ಇದೆಯಲ್ಲ, ಸ್ವಿಲೆನ್."

ಏಪ್ರಿಲ್ 3, ಸೋಮವಾರ
4 ದಿನ

ಮೂವರು ಬಂದರು. ಒಬ್ಬ ಇಡೀ ಹೊತ್ತು ಪೆನ್ನಿನ ಕ್ಯಾಪು ಕಚ್ಚುತ್ತಿದ್ದ, ಇನ್ನೊಬ್ಬನಿಗೆ ಸರ್ವರ್ ಎಂದರೆ ತಣ್ಣಗಿರುವ ಕೋಣೆ ಎಂದಷ್ಟೇ ಗೊತ್ತು. ಪೇಚಿನೊವ್ ಹಂಚಿಕೆಯ ಹಾಳೆಯನ್ನು ಅವರ ಮುಂದಿಟ್ಟ. ಅವನು 'ಮಿನ್ಕೋವಾ' ಎನ್ನುವ ಮೊದಲೇ ಎದ್ದು ನಿಂತೆ. ಲಾಗಿನ ಮುದ್ರಿತ ಹಾಳೆ ಮೇಜಿನ ಮೇಲಿಟ್ಟು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಚೀಟಿ ನನಗೇ ಕೊಟ್ಟಿದ್ದರು, ಹಾಕಲು ಮರೆತೆ, ಮಾರ್ಚ್ 10ಕ್ಕೆ ನೋಡಿದೆ, ಆಗ ಮಟ್ಟ ಏರಿತ್ತು, ಅನುಕೂಲವಾದ ಸಮಯಕ್ಕೆ ಕಾಯುತ್ತಿದ್ದೆ ಎಂದೆ.

ಪೇಚಿನೊವ್ ಬಿಳಿಚಿಕೊಂಡ. ನನಗೆ ಲಿಖಿತ ಎಚ್ಚರಿಕೆ, ಒಂದು ವರ್ಷ ಯಂತ್ರದ ಯಜಮಾನಿಕೆ ಇಲ್ಲ. ನದಿ ದಡದ ಅಳತೆಯ ಕೆಲಸಕ್ಕೆ ಹಾಕಿದ್ದಾರೆ. ಯಂತ್ರವನ್ನು ಸೋಫಿಯಾದಿಂದ ಬರುವ ಯಾವನೋ ನೋಡಿಕೊಳ್ಳುತ್ತಾನಂತೆ, ಅವನ ಕೈಗೆ ಸಿಕ್ಕಿ ಅದು ಎಷ್ಟು ದಿನ ಬದುಕುತ್ತದೋ.

ಹೊರಗೆ ಬರುವಾಗ ಎದೆ ಹಗುರಾಗಿತ್ತು, ಸುಳ್ಳೇಕೆ. ಒಬ್ಬರ ಕೆಲಸ ಉಳಿಸಿದೆ ಎಂದು ಬೀಗಿಕೊಂಡೇ ಬಂದೆ. ಕಾರಿಡಾರಿನಲ್ಲಿ ಬಿಸೆರಕ್ಕ ಕೈಚೀಲ ತೆರೆದು ಒಂದು ಹಳೇ ಪುಸ್ತಕ ತೋರಿಸಿದರು. ಮಾರ್ಚ್ 1, ಹೊಸ ಮೇಯರಮ್ಮನ ನಂಬರು, ಸ್ವಿಲೆನ್ ಕೈಗೆ ಕೊಟ್ಟಿದೆ. ನೀಲಿ ಅಕ್ಷರ, ಒಂದೂ ಮಾಸಿರಲಿಲ್ಲ.

"ಯಾವಾಗ ಸಿಕ್ತು?"

"ಮಂಗಳವಾರ ಸಂಜೇನೇ."

"ಮತ್ತೆ ಯಾಕೆ ತೋರಿಸಲಿಲ್ಲ?"

"ನೀನು ಬಾಯಿ ಬಿಡದಿದ್ರೆ ತೋರಿಸ್ತಿದ್ದೆ. ಪುಸ್ತಕ ತೆಗೆಯೋಕೆ ಕೈಯನ್ನ ಚೀಲದೊಳಗೇ ಇಟ್ಕೊಂಡಿದ್ದೆ." ಪುಸ್ತಕ ಮುಚ್ಚಿ ಒಳಗಿಟ್ಟರು. "ನನ್ನ ಕೆಲಸ ನಾನು ಉಳಿಸ್ಕೊಳ್ತಿದ್ದೆ ಮಾರಾಯ. ನಿನ್ನ ಕಥೆ ಏನಾಗುತ್ತೆ ಅಂತ ನೋಡ್ತಿದ್ದೆ."

ಲಾಗ್ ಅಳಿಸಿದ್ದರೂ ಸಿಕ್ಕಿಬೀಳುತ್ತಿದ್ದೆ. ಅದೂ ಕಾರ್ಬನ್ ಹಾಳೆಗೆ. ರಾತ್ರಿ ಊಟಕ್ಕೆ ಕೂತಾಗ ನೆನಪಾಗಿ ಒಬ್ಬನೇ ನಕ್ಕೆ.

ಏಪ್ರಿಲ್ 4, ಮಂಗಳವಾರ

ಬೆಳಿಗ್ಗೆ ಅಸ್ಪಾರುಖ್ ಫೋನ್ ಮಾಡಿ "ಏನಯ್ಯಾ, ಸಾವಿರದ ಐನೂರು ಆಯ್ತಾ?" ಎಂದ. ಇಲ್ಲ, ಈಗ ಹೊರಗಿದ್ದೇನೆ, ಆಮೇಲೆ ಹೇಳುತ್ತೇನೆ ಎಂದೆ. ಬಿಸೆರಕ್ಕನ ಜೊತೆ ಅಳತೆಗೋಲು ಓದಲು ಮಾಲ್ಕಾ ರಕೀತಾಗೆ ಹೋಗಿದ್ದೆ. ಗೋಲನ್ನು ಓದುವುದು ನಾನು ಅಂದುಕೊಂಡಷ್ಟು ಸುಲಭವಲ್ಲ, ಅಲೆ ಬಂದು ಹೋಗುವುದರ ನಡುವೆ ಉಸಿರು ಬಿಗಿಹಿಡಿದು ನೋಡಬೇಕು. ಎರಡು ಸಲ ತಪ್ಪು ಓದಿದೆ. ಅವರು ಎರಡು ಸಲವೂ ಹೊಡೆದುಹಾಕಿ, ಹೊಡೆದುಹಾಕಿದ್ದರ ಪಕ್ಕದಲ್ಲೇ ಸರಿಯಾದದ್ದನ್ನು ಬರೆದರು. ಅಳಿಸುವುದು ಅವರ ಕ್ರಮವಲ್ಲವಂತೆ.

ಕೆಳಗಿನ ಬೀದಿಯ ಗೋಡೆಗಳ ಮೇಲೆ ಎದೆಯಷ್ಟೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಇದೆ. ನೈದೆನ್ ತಾತ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಬಿಸೆರಕ್ಕ ನನ್ನ ಪರಿಚಯ ಮಾಡಿಕೊಡಲಿಲ್ಲ. ಪಕ್ಕದ ಮನೆಯವರನ್ನು ಮಾತಾಡಿಸಲು ಹೊರಟುಹೋದರು.

"ಆ ನಂಬರ್ ಹಾಕಲು ಮರೆತವನು ನಾನೇ, ತಾತ" ಎಂದೆ.

ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಮರೆತದ್ದು ಒಂದನೇ ತಾರೀಖು. ಹತ್ತಕ್ಕೆ ನೆನಪಾಯ್ತಂತಲ್ಲ, ಬಿಸೆರಾ ಹೇಳಿದ್ಳು. ನೀರು ಬಂದಿದ್ದು ಇಪ್ಪತ್ತೇಳಕ್ಕೆ. ನಡುವೆ ಹದಿನೇಳು ದಿನ ಏನ್ ಮಾಡ್ತಿದ್ದೆ?"

ಸೋಮವಾರ ಆ ಮೂವರೂ ಕೇಳದ ಪ್ರಶ್ನೆ. ಅನುಕೂಲವಾದ ಸಮಯ ಎಂದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ.

"ಯಂತ್ರ ನಿಲ್ಲಿಸಬೇಕಿತ್ತು. ನಿಲ್ಲಿಸದೇ ಇಷ್ಟು ದಿನ ಓಡಿಸಿದೆ ಅನ್ನೋ ಒಂದು ಲೆಕ್ಕ ಇತ್ತು ನನಗೆ. ಅದಕ್ಕೆ ಕಾಯ್ತಿದ್ದೆ."

"ಎಷ್ಟಕ್ಕೆ?"

"ಸಾವಿರದ ಐನೂರು. ಇವತ್ತು ಆಗಬೇಕಿತ್ತು."

ತಾತ ತಲೆ ತಗ್ಗಿಸಿ ಕಾಲಿನ ಪ್ಲಾಸ್ಟರನ್ನು ಸವರಿಕೊಂಡರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಂದು ಅರವತ್ತೆರಡು ಜೇನುಪೆಟ್ಟಿಗೆ ಇತ್ತು" ಎಂದರು. "ಈಗ ನಾಲ್ಕು. ಅವನ್ನ ಬಿಸಿಲಿಗೆ ಎತ್ತಿಡಬೇಕು, ನನ್ನ ಕೈಲಾಗಲ್ಲ. ಬಾ."

ಹೋಗಿ ಎತ್ತಿಟ್ಟೆ. ಪೆಟ್ಟಿಗೆ ನಾನಂದುಕೊಂಡದ್ದಕ್ಕಿಂತ ಭಾರವಾಗಿತ್ತು, ಒಳಗೆ ಇನ್ನೂ ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೂರನೆಯದನ್ನು ಇಡುವಾಗ ಹಿತ್ತಿಲ ಕಂಬದ ಮೇಲೆ ಕೊಕ್ಕರೆ ಬಂದು ಕೂತಿರುವುದನ್ನು ಬಿಸೆರಕ್ಕ ಬೇಲಿಯಾಚೆಯಿಂದ ಕೂಗಿ ಹೇಳಿದರು, ಈಗ ದಾರ ಬಿಚ್ಚಬಹುದಂತೆ. ಇರಲಿ ಎಂದೆ. ಇನ್ನೂ ಒಂದು ಪೆಟ್ಟಿಗೆ ಬಾಕಿ ಇತ್ತು.